ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬಂದಿರೋ ದೂರದೂರಿನವರಿಗೆ ಸಹಾಯ ಮಾಡೋದು ಹೇಗೆ

ಹೊಸೂರು ರೋಡ್ ಕಡೆ ಓಡಾಡೋರು ನೋಡಿರ್ತೀರ. ಮನಸ್ಸಿನ, ನರದ ಕಾಯಿಲೆಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ್ ಗಾಂಧಿ ಆಸ್ಪತ್ರೆ, ಆ ಕಡೆ ಬನ್ನೇರುಘಟ್ಟ ರೋಡಲ್ಲಿ ಹಾರ್ಟ್ ಆಸ್ಪತ್ರೆ ಜಯದೇವ, ಎಲ್ಲಾ ಹತ್ತತ್ರನೇ. ಬೆಳಗ್ಗೆ ಆರು ಆರೂವರೆಗೆ ರಾತ್ರಿ ಬಸ್ಸಲ್ಲಿ ಬಂದಿಳಿದ ಜನ ಗೇಟ್ ಹತ್ರ ಬ್ಯಾಗ್ ಇಟ್ಕೊಂಡು ಕೂತಿರ್ತಾರೆ, ರಾಯಚೂರು, ಯಾದಗಿರಿ, ಕೊಪ್ಪಳ, ಚಿತ್ರದುರ್ಗ, ಆ ಕಡೆಯಿಂದ ಅನಂತಪುರ, ಈ ಕಡೆಯಿಂದ ಕೃಷ್ಣಗಿರಿ. ಕಲಾಸಿಪಾಳ್ಯದ ಹತ್ರ ವಿಕ್ಟೋರಿಯಾ, ವಾಣಿವಿಲಾಸದ ಮುಂದೂ ಇದೇ ಕಥೆ. ನೋಡಿದವರಿಗೆಲ್ಲ ಏನಾದ್ರೂ ಮಾಡ್ಬೇಕು ಅನ್ಸತ್ತೆ, ಆದ್ರೆ ಏನು ಮಾಡ್ಬೇಕು ಅಂತ ತೋಚದೆ ಒಂದೈವತ್ತೋ ನೂರೋ ಕೈಗಿಟ್ಟು ಹೊರಟುಬಿಡ್ತೀವಿ, ಇಲ್ಲಾ ಬರ್ತ್‌ಡೇ ದಿನ ನೂರು ಪ್ಯಾಕೆಟ್ ಪಲಾವ್ ಹಂಚಿ ಬರ್ತೀವಿ. ಅದು ತಪ್ಪು ಅಂತ ನಾನು ಹೇಳಲ್ಲ. ಅದೇ ದುಡ್ಡು, ಅದೇ ಅರ್ಧ ದಿನ ಸರಿಯಾದ ಕಡೆ ಹಾಕಿದ್ರೆ ಒಂದು ಕುಟುಂಬ ಟ್ರೀಟ್‌ಮೆಂಟ್ ಅರ್ಧಕ್ಕೆ ಬಿಟ್ಟು ಊರಿಗೆ ವಾಪಸ್ ಹೋಗೋದನ್ನ ತಪ್ಪಿಸ್ಬೋದು. ಈ ಆಸ್ಪತ್ರೆಗಳಲ್ಲಿ ವಾಲಂಟಿಯರ್ ಆಗಿ ಓಡಾಡಿ ನೋಡಿರೋದನ್ನ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಬೇಕಾದ್ದು ಓದ್ಕೊಳ್ಳಿ.

ದುಡ್ಡು ಸೋರೋದು ಎಲ್ಲಿ

ಸುಮಾರು ಜನ ಅಂದ್ಕೊಂಡಿರೋದು ಆಪರೇಷನ್ ಬಿಲ್ಲೇ ದೊಡ್ಡ ತಲೆನೋವು ಅಂತ. ಸರ್ಕಾರಿ ಆಸ್ಪತ್ರೇಲಿ ಹೆಚ್ಚಿನ ಸಲ ಹಾಗಿರಲ್ಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮ್ ಪ್ರಕಾರ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಟ್ರೀಟ್‌ಮೆಂಟ್ ಫ್ರೀ, ಎಪಿಎಲ್‌ನವರಿಗೆ ಪ್ಯಾಕೇಜ್ ರೇಟಲ್ಲಿ 30% ಸರ್ಕಾರ ಹಾಕತ್ತೆ, ಅದಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ. ಅಂದ್ರೆ ಪೇಪರ್ ಸರಿ ಇದ್ರೆ ಆಪರೇಷನ್ನು, ಕೀಮೋ, ರೇಡಿಯೇಷನ್ನು ನಡ್ದೋಗತ್ತೆ. ಆದ್ರೆ ಊರು ಬಿಟ್ಟು ಬಂದು ಇಲ್ಲಿ ಇರೋ ಖರ್ಚನ್ನ ಯಾವ ಸ್ಕೀಮೂ ಕೊಡಲ್ಲ.

ರೇಡಿಯೇಷನ್ ತಗೊಳ್ಳಿ. ಸಾಮಾನ್ಯವಾಗಿ ವಾರಕ್ಕೆ 5 ದಿನ, ಐದಾರು ವಾರ. ಮೆಷಿನ್ ಕೆಳಗೆ ಇರೋದು ಕೆಲವೇ ನಿಮಿಷ, ಅಷ್ಟಕ್ಕೆ ಅಡ್ಮಿಟ್ ಮಾಡ್ಕೊಳ್ಳಲ್ಲ, ಬೆಡ್ ಕೊಡಲ್ಲ, ಹೊರಗಡೆಯಿಂದ ದಿನಾ ಬಂದು ಹೋಗಿ ಅಂತಾರೆ. ಜಯನಗರದಲ್ಲಿ ಮನೆ ಇರೋರಿಗೆ ಸರಿ. ಸಿಂಧನೂರಿಂದ ಬಂದೋರು ದಿನಾ ಎಲ್ಲಿಂದ ಬರ್ಬೇಕು? ಶನಿವಾರ ಭಾನುವಾರ ರಜ ಅಂತ ಊರಿಗೆ ಹೋದ್ರೆ ಬಸ್ ಚಾರ್ಜು, ಹೋಗ್ದೆ ಇದ್ರೆ ರೂಮ್ ಬಾಡಿಗೆ. ರೋಗಿ ಜೊತೆ ಒಬ್ರು ಇರ್ಲೇಬೇಕು, ಅವರ ಕೂಲಿ ಹೋಯ್ತು. ಊರಲ್ಲಿ ಉಳಿದ ಮಕ್ಕಳನ್ನ ಅಜ್ಜಿ ಹತ್ರ ಬಿಟ್ಟಿರ್ತಾರೆ, ದನ ಇದ್ರೆ ಅದನ್ನ ನೋಡ್ಕೊಳ್ಳೋರಿಗೂ ಏನಾದ್ರೂ ಕೊಡ್ಬೇಕು. ಮೂರನೇ ವಾರಕ್ಕೆ ಕೈ ಖಾಲಿ, ಊರಲ್ಲಿ ಬಡ್ಡಿಗೆ ತಂದ ಸಾಲನೂ ಖಾಲಿ. ಆಗ ಸ್ವಲ್ಪ ನೋವು ಕಮ್ಮಿ ಆಗಿದೆ ಅಲ್ವಾ ಅಂತ ಹೊರಟುಬಿಡ್ತಾರೆ. ಡಾಕ್ಟರ್ ಬೈತಾರೆ, ಬೈಯೋದು ಸರಿನೇ, ಆದ್ರೆ ಅವರು ಹೋಗಿರೋದು ಅಜ್ಞಾನದಿಂದ ಅಲ್ಲ, ಲೆಕ್ಕ ಹಾಕಿಯೇ ಹೋಗಿರ್ತಾರೆ. ಮಕ್ಕಳ ಬ್ಲಡ್ ಕ್ಯಾನ್ಸರ್ ಆದ್ರೆ ಟ್ರೀಟ್‌ಮೆಂಟ್ ಎರಡು ಮೂರು ವರ್ಷ ನಡೆಯತ್ತೆ, ಅಲ್ಲಿ ಈ ಲೆಕ್ಕ ಎಲ್ಲಿಗೆ ಹೋಗತ್ತೆ ಅಂತ ನೀವೇ ಯೋಚ್ನೆ ಮಾಡಿ.

ಅದಕ್ಕೆ ನನ್ನ ಪ್ರಕಾರ ನಮ್ಮಂಥೋರ ದುಡ್ಡು ಹೋಗ್ಬೇಕಾದ್ದು ಈ ಸಂದಿಗಳಿಗೆ. ಲಕ್ಷ ರೂಪಾಯಿ ಆಪರೇಷನ್‌ಗೆ ಸರ್ಕಾರ ಇದೆ, ನಾಲ್ಕು ಸಾವಿರದ ರೂಮ್ ಬಾಡಿಗೆಗೆ ಯಾರೂ ಇಲ್ಲ.

ಮೊದ್ಲು ಪೇಪರ್, ಆಮೇಲೆ ದುಡ್ಡು

ವಾಲಂಟಿಯರ್ ಆಗ್ಬೇಕು ಅನ್ನೋರಿಗೆ ನಾನು ಮೊದ್ಲು ಹೇಳೋದು ಇದನ್ನೇ. ಜೇಬಿಗೆ ಕೈ ಹಾಕೋ ಮುಂಚೆ ಅವರ ಕವರ್ ಬಿಚ್ಚಿಸಿ ನೋಡಿ. ಪ್ರತಿ ಕುಟುಂಬದ ಹತ್ರನೂ ಒಂದು ಬಟ್ಟೆ ಅಂಗಡಿ ಪ್ಲಾಸ್ಟಿಕ್ ಕವರ್ ಇರತ್ತೆ, ಅದರೊಳಗೆ ಅವರ ಇಡೀ ಸಂಸಾರ ಇರತ್ತೆ. ಒಂದ್ಸಲ ಒಬ್ರು ತಾಯಿ ಬಂದು "ಅಕ್ಕಾರ, ಇದ ಎಲ್ಲಿ ಕೊಡಬೇಕ್ರಿ, ಮುಂಜಾನಿಂದ ಮೂರ್ ಕಡೆ ಕಳಿಸ್ಯಾರ್ರಿ" ಅಂತ ಕವರ್ ಮುಂದೆ ಇಟ್ರು. ಒಳಗೆ ಸುತ್ತಿ ಸುತ್ತಿ ಇಟ್ಟಿರೋ ಎಕ್ಸ್‌ರೇ, ತಾಲ್ಲೂಕು ಆಸ್ಪತ್ರೆ ಚೀಟಿ, ಎರಡು ಪ್ರೈವೇಟ್ ಕ್ಲಿನಿಕ್‌ನ ಚೀಟಿ, ಬಯಾಪ್ಸಿ ರಿಪೋರ್ಟು, ಲ್ಯಾಮಿನೇಷನ್ ಮಾಡ್ಸಿರೋ ರೇಷನ್ ಕಾರ್ಡು, ಮೂರ್ನಾಲ್ಕು ಮೆಡಿಕಲ್ ಶಾಪ್ ಬಿಲ್ಲು, ದೇವಸ್ಥಾನದ ಕುಂಕುಮದ ಪೊಟ್ಟಣ. ಆಧಾರ್ ಗಂಡನ ಜೇಬಲ್ಲಿತ್ತು, ಗಂಡ ಚಹಾ ಕುಡಿಯೋಕೆ ಹೋಗಿದ್ದ. ಎಲ್ಲಾ ತಾರೀಕಿನ ಪ್ರಕಾರ ಜೋಡ್ಸಿ ನೋಡಿದ್ರೆ ಬೇಕಾಗಿದ್ದು ಒಂದೇ ಒಂದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ರು, ಅದೂ ಆ ಕವರಲ್ಲೇ ಎಕ್ಸ್‌ರೇ ಲಕೋಟೆ ಒಳಗೆ ಅಂಟ್ಕೊಂಡಿತ್ತು. ಕೌಂಟರ್‌ನವರು ಕೇಳಿದ್ದು ಅದನ್ನೇ, ಆದ್ರೆ ಯಾವ ಕಾಗದ ಅಂತ ಆಯಮ್ಮಂಗೆ ಗೊತ್ತಾಗಿಲ್ಲ, ಬಿಡಿಸಿ ಹೇಳೋಕೆ ಕೌಂಟರ್‌ನವರಿಗೆ ಪುರಸೊತ್ತಿಲ್ಲ, ಹಿಂದೆ ಕ್ಯೂ ಬಾಗಿಲಾಚೆವರೆಗೂ ಇತ್ತು.

ಹಾಗಾಗಿ ಚೆಕ್ ಮಾಡ್ಬೇಕಾದ್ದು ಏನಪ್ಪಾ ಅಂದ್ರೆ, ರೇಷನ್ ಕಾರ್ಡಲ್ಲಿ ರೋಗಿಯ ಹೆಸರು ಇದ್ಯಾ (ಚಿಕ್ಕ ಮಕ್ಕಳ ಹೆಸರು ಎಷ್ಟೋ ಕಾರ್ಡಲ್ಲಿ ಸೇರ್ಸಿರೋದೇ ಇಲ್ಲ, ಆಗ ಬರ್ತ್ ಸರ್ಟಿಫಿಕೇಟ್ ಹುಡುಕ್ಬೇಕಾಗತ್ತೆ), ಆಧಾರಲ್ಲಿರೋ ಹೆಸರೂ ರೇಷನ್ ಕಾರ್ಡಲ್ಲಿರೋ ಹೆಸರೂ ಒಂದೇನಾ, ಒಂದರಲ್ಲಿ ಶರಣಮ್ಮ ಇನ್ನೊಂದರಲ್ಲಿ ಶರಣವ್ವ ಅಂತಿದ್ರೆ ಅಲ್ಲೇ ಸಿಕ್ಕಾಕ್ಕೊಳತ್ತೆ. ರೆಫರಲ್ ಲೆಟರ್ ಇದ್ಯಾ. ಎಮರ್ಜೆನ್ಸಿ ಅಂತ ಲಿಸ್ಟ್ ಮಾಡಿರೋ ಕೇಸ್‌ಗಳಿಗೆ ರೆಫರಲ್ ಬೇಡ, ಉಳಿದವಕ್ಕೆ ಸಾಮಾನ್ಯವಾಗಿ ಕೇಳ್ತಾರೆ. ಆಸ್ಪತ್ರೆ ಒಳಗೆ ಆರೋಗ್ಯಮಿತ್ರ ಅಂತ ಒಬ್ರು ಇರ್ತಾರೆ, ಸ್ಕೀಮ್ ಕೆಲಸಕ್ಕೇ ಅವರನ್ನ ಹಾಕಿರೋದು, ಅವರ ಟೇಬಲ್ ಎಲ್ಲಿದೆ ಅಂತ ತಿಳ್ಕೊಳ್ಳೋದೇ ಅರ್ಧ ಕೆಲಸ. 104 ಆರೋಗ್ಯವಾಣಿಗೆ ಫೋನ್ ಮಾಡಿದ್ರೂ ಸ್ಕೀಮ್ ಬಗ್ಗೆ ಹೇಳ್ತಾರೆ. ನಿಮ್ಮ ಬ್ಯಾಗಲ್ಲಿ ಎರಡು ಪೆನ್ನು, ಸ್ಟೇಪ್ಲರ್ರು, ಜೆರಾಕ್ಸಿಗೆ ಚಿಲ್ಲರೆ, ಎಲ್ಲಾ ಪಿನ್ನೂ ಇರೋ ಒಂದು ಚಾರ್ಜರ್ ಇಟ್ಕೊಳ್ಳಿ. ಆಧಾರು, ರೇಷನ್ ಕಾರ್ಡು ಐದೈದು ಸೆಟ್ ಜೆರಾಕ್ಸ್ ಒಂದೇ ಸಲ ಮಾಡ್ಸಿ ಕೊಟ್ಬಿಡಿ, ಒರಿಜಿನಲ್ ಮಾತ್ರ ಯಾವತ್ತೂ ನಿಮ್ಮ ಹತ್ರ ಇಟ್ಕೋಬೇಡಿ, ಅವರ ಕೈಲೇ ಇರ್ಲಿ.

ಸ್ಕೀಮಲ್ಲಿ ಬರದೇ ಇರೋದಕ್ಕೆ ಬೇರೆ ದಾರಿಗಳಿವೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕ್ಬೋದು, ಹಾರ್ಟ್ ಆಪರೇಷನ್, ಕಿಡ್ನಿ ಕಸಿ, ಕ್ಯಾನ್ಸರ್ ಥರದ್ದಕ್ಕೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಹಾಕ್ಬೋದು, ಅಲ್ಲಿ ಮಂಜೂರಾದ ದುಡ್ಡು ಆಸ್ಪತ್ರೆಗೇ ಹೋಗತ್ತೆ. ಸಹಕಾರ ಸಂಘದ ಮೆಂಬರ್ ಆಗಿದ್ರೆ, ಅಂಥವರಿಗೇ ಇರೋ ಯಶಸ್ವಿನಿ ಆರೋಗ್ಯ ಸ್ಕೀಮ್ ಇದ್ಯಾ ಕೇಳಿ. ಪರಿಹಾರ ನಿಧಿಗಳಿಗೆ ಡಾಕ್ಟರ್ ಸಹಿ ಇರೋ ಎಸ್ಟಿಮೇಟ್ ಮುಖ್ಯ, ಇನ್ಕಮ್ ಸರ್ಟಿಫಿಕೇಟ್ ಬೇಕಾಗತ್ತೆ, ಊರಿನ ಎಂಎಲ್‌ಎ ಲೆಟರ್ ಇದ್ರೆ ಒಳ್ಳೇದು. ಎಸ್ಟಿಮೇಟ್ ಸಿಕ್ಕಿದ ದಿನವೇ ಅರ್ಜಿ ಬರೆಸಿ, ಬಿಲ್ ಕಟ್ಟೋವರೆಗೂ ಕಾಯ್ಬೇಡಿ.

ಒಬ್ರು ವಾಲಂಟಿಯರ್ ಅರ್ಧ ದಿನ ಈ ಥರ ಒಬ್ರ ಜೊತೆ ನಿಂತ್ರೆ ಅದರ ಬೆಲೆ ಎಷ್ಟೋ ಸಲ ಸಾವಿರಾರು ರೂಪಾಯಿ ಡೊನೇಷನ್‌ಗಿಂತ ಜಾಸ್ತಿ. ಬೋರಿಂಗ್ ಕೆಲಸ, ಒಪ್ಪಿದೆ. ಸ್ಟೇಟಸ್‌ಗೆ ಹಾಕೋ ಥರ ಏನೂ ಇರಲ್ಲ.

ದುಡ್ಡು ಕೊಡೋದಾದ್ರೆ

ಕೈಗೆ ಕ್ಯಾಶ್ ಕೊಡೋದನ್ನ ಆದಷ್ಟು ಕಮ್ಮಿ ಮಾಡಿ, ಅಪನಂಬಿಕೆಯಿಂದ ಅಂತಲ್ಲ, ಹೊಸ ಊರಲ್ಲಿ ಕೈಯಲ್ಲಿ ದುಡ್ಡಿದೆ ಅಂತ ಗೊತ್ತಾದ್ರೆ ಸುತ್ಕೊಳ್ಳೋ ಬ್ರೋಕರ್‌ಗಳು ಇರ್ತಾರೆ, "ಬೇಗ ಬೆಡ್ ಕೊಡಿಸ್ತೀನಿ" ಅನ್ನೋರು. ಬಿಲ್ ಇದ್ರೆ ರೋಗಿಯ ಆಸ್ಪತ್ರೆ ನಂಬರ್ ತಗೊಂಡು ಕ್ಯಾಶ್ ಕೌಂಟರಲ್ಲೇ ಕಟ್ಟಿ, ರಸೀದಿ ಅವರ ಕೈಗೆ ಕೊಡಿ. ಔಷಧಿ ಆದ್ರೆ ಚೀಟಿ ತಗೊಂಡು ಮೊದ್ಲು ಆಸ್ಪತ್ರೆ ಫಾರ್ಮಸಿ, ಆಮೇಲೆ ಜನೌಷಧಿ ಕೇಂದ್ರ, ಕೊನೇಗೆ ಹೊರಗಡೆ ಅಂಗಡಿ, ಇದೇ ಆರ್ಡರಲ್ಲಿ ಕೇಳಿ. ರೂಮ್ ಬಾಡಿಗೆ ಆದ್ರೆ ಲಾಡ್ಜ್‌ನವರಿಗೋ ಓನರ್‌ಗೋ ನೇರ ಹಾಕಿ. ಕಿದ್ವಾಯಿ ಥರದ ಕಡೆ ಆವರಣದಲ್ಲೇ ಧರ್ಮಶಾಲೆ ಇದೆ, ಅಲ್ಲಿ ಜಾಗ ಇದ್ಯಾ ಅಂತ ವಾರ್ಡ್‌ನ ಸೋಷಿಯಲ್ ವರ್ಕರ್ ಹತ್ರ ಕೇಳೋದು ಮೊದಲ ಕೆಲಸ ಆಗಿರ್ಲಿ. ಒಂದೇ ಸಲ ದೊಡ್ಡ ಮೊತ್ತ ಕೊಡೋದಕ್ಕಿಂತ ವಾರವಾರ ಸ್ವಲ್ಪ ಸ್ವಲ್ಪ ಕೊಡೋದು ಈ ಐದಾರು ವಾರದ ಕೇಸ್‌ಗಳಿಗೆ ಚೆನ್ನಾಗಿ ಹೊಂದ್ಕೊಳತ್ತೆ, ನಾಲ್ಕು ಜನ ಫ್ರೆಂಡ್ಸ್ ಸೇರಿ ಒಂದೊಂದು ವಾರ ಹಂಚ್ಕೊಂಡ್ರೆ ಯಾರಿಗೂ ಭಾರ ಆಗಲ್ಲ.

ಜನ ಮರೆಯೋ ಒಂದು ಖರ್ಚು ಇದೆ, ಮೊಬೈಲ್ ರೀಚಾರ್ಜ್. ಡೇಟ್ ಬದಲಾದ್ರೆ, ರಿಪೋರ್ಟ್ ಬಂದ್ರೆ ಆಸ್ಪತ್ರೆಯವರು ಫೋನ್ ಮಾಡೋದು ಆ ನಂಬರಿಗೆ, ಪ್ಯಾಕ್ ಮುಗ್ದು ಸುಮಾರು ದಿನ ಆದ್ರೆ ಇನ್‌ಕಮಿಂಗೂ ನಿಂತೋಗತ್ತೆ. ಅದನ್ನ ನೀವು ಮನೇಲಿ ಕೂತೇ ಮಾಡಿಸ್ಬೋದು.

ವಸ್ತು ಕೊಡೋರಿಗೆ ಒಂದು ಮಾತು. ಹಳೇ ಬಟ್ಟೆ ದಯವಿಟ್ಟು ಸಾಕು, ಮೂಟೆಗಟ್ಲೆ ಬಿದ್ದಿರತ್ತೆ. ಬೇಕಾಗಿರೋದು ದೊಡ್ಡವರ ಡೈಪರ್ರು (ಹಾಸಿಗೆ ಹಿಡಿದೋರಿಗೆ ದಿನಕ್ಕೆ ಮೂರ್ನಾಲ್ಕು ಬೇಕು, ಬೆಲೆ ಕೇಳಿದ್ರೆ ಎದೆ ಝಲ್ ಅನ್ನತ್ತೆ), ಕರುಳಿನ ಆಪರೇಷನ್ ಆದವರಿಗೆ ಹೊಟ್ಟೆಗೆ ಹಾಕೋ ಬ್ಯಾಗು, ಸ್ಯಾನಿಟರಿ ಪ್ಯಾಡು, ಚಾಪೆ, ಮುಚ್ಚಳ ಇರೋ ಬಕೆಟ್ಟು, ಫ್ಲಾಸ್ಕು. ಡೈಪರ್ ಸೈಜ್ ಕೇಳಿ ತಗೊಳ್ಳಿ.

ವಾಟ್ಸಾಪಲ್ಲಿ ಬರೋ "ಈ ಮಗುವನ್ನು ಉಳಿಸಿ" ಮೆಸೇಜ್‌ಗಳು. ಕೆಲವು ನಿಜ, ಕೆಲವು ವರ್ಷಗಟ್ಟಲೆ ಸುತ್ತಾ ಇರ್ತವೆ, ಮಗು ವಾಸಿ ಆಗಿ ಸ್ಕೂಲಿಗೆ ಹೋಗ್ತಿದ್ರೂ ಮೆಸೇಜ್ ನಿಂತಿರಲ್ಲ, ಇನ್ನು ಕೆಲವಲ್ಲಿ ಫೋಟೋ ಒಬ್ಬರದು ಅಕೌಂಟ್ ಇನ್ನೊಬ್ಬರದು. ಫಾರ್ವರ್ಡ್ ಮಾಡೋ ಮುಂಚೆ ತಾರೀಕು ಇದ್ಯಾ ನೋಡಿ, ಆಸ್ಪತ್ರೆ ಹೆಸರು ಮತ್ತು ರೋಗಿಯ ನಂಬರ್ ಕೇಳಿ, ಆಸ್ಪತ್ರೆಗೇ ಫೋನ್ ಹಾಕಿ ವಿಚಾರ್ಸಿ, ಅಕೌಂಟ್ ಯಾರ ಹೆಸರಲ್ಲಿದೆ ನೋಡಿ. ಆಸ್ಪತ್ರೆ ಅಕೌಂಟಿಗೇ ಹಾಕ್ತೀವಿ ಅಂದಾಗ ಆ ಕಡೆಯವರು ತಡವರಿಸಿದ್ರೆ ಅಲ್ಲಿಗೇ ಬಿಟ್ಬಿಡಿ.

ಟ್ರಸ್ಟ್‌ಗೆ ಕೊಡೋದಾದ್ರೆ ಟ್ಯಾಕ್ಸ್ ವಿಷಯ ಚುಟುಕಾಗಿ ಹೇಳ್ತೀನಿ. ಜನ 80ಜಿ ಅಂತ ಕರೆಯೋ ರಿಯಾಯ್ತಿ ಹಳೇ ಟ್ಯಾಕ್ಸ್ ಪದ್ಧತೀಲಿ ಇರೋರಿಗೆ ಮಾತ್ರ, ಹೊಸ ಪದ್ಧತಿ ಆರಿಸ್ಕೊಂಡಿದ್ರೆ ಸಿಗಲ್ಲ. 2,000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ಲೆಕ್ಕಕ್ಕಿಲ್ಲ, ಅಕ್ಕಿ ಬೇಳೆ ಕಂಬಳಿ ಕೊಟ್ಟಿದ್ದೂ ಲೆಕ್ಕಕ್ಕಿಲ್ಲ. ಮಾಮೂಲಿ ಟ್ರಸ್ಟ್‌ಗಳಿಗೆ ಕೊಟ್ಟಿದ್ರಲ್ಲಿ ಸಾಮಾನ್ಯವಾಗಿ ಅರ್ಧಕ್ಕೆ ರಿಯಾಯ್ತಿ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ರೆ ಪೂರ್ತಿಗೆ. ಅಮೆರಿಕದಲ್ಲೋ ದುಬೈಯಲ್ಲೋ ಇರೋ ನಮ್ಮೋರು ಕೇಳ್ತಿರ್ತಾರೆ, ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ ಆಗಿದ್ರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳ್ಸಿದ್ದು ವಿದೇಶಿ ದೇಣಿಗೆ ಅಂತ ಆಗಲ್ಲ. ಅಲ್ಲಿನ ಸಿಟಿಜನ್ ಆಗಿ ಓಸಿಐ ಕಾರ್ಡ್ ಇಟ್ಕೊಂಡಿದ್ರೆ ಆಗತ್ತೆ, ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ನೋಂದಣಿ ಇರೋ ಸಂಸ್ಥೆಗೇ ಕೊಡ್ಬೇಕು, ಅದೂ ದೆಹಲಿಯ ಎಸ್‌ಬಿಐ ಮೇನ್ ಬ್ರಾಂಚಲ್ಲಿರೋ ಅವರ ಅಕೌಂಟಿಗೆ. ಸಣ್ಣ ಟ್ರಸ್ಟ್‌ನವರಿಗೆ ಇದು ಗೊತ್ತಿರಲ್ಲ, ಗೊತ್ತಿಲ್ದೆ ಮಾಮೂಲಿ ಅಕೌಂಟಿಗೆ ತಗೊಂಡು ಅವರು ಸಿಕ್ಕಿಹಾಕ್ಕೋತಾರೆ, ಹಾಗಾಗಿ ನೀವೇ ಕೇಳಿ.

ಊಟ ಹಂಚೋರಿಗೆ

ಅಡ್ಮಿಟ್ ಆದ ರೋಗಿಗೆ ಆಸ್ಪತ್ರೆ ಊಟ ಕೊಡತ್ತೆ, ಜೊತೇಲಿ ಇರೋರಿಗೆ ಇಲ್ಲ. ಒಂದೇ ತಟ್ಟೆ ಇಬ್ರು ಹಂಚ್ಕೊಂಡು ತಿನ್ನೋದು ಮಾಮೂಲು. ಹೊರಗಡೆ ಇರೋ ರೋಗಿಗಳಿಗೆ ಅದೂ ಇಲ್ಲ. ಸೋ ಊಟದ ಅಗತ್ಯ ಖಂಡಿತ ಇದೆ, ಆದ್ರೆ ಭಾನುವಾರ, ಹಬ್ಬದ ದಿನ, ಯಾರೋ ದೊಡ್ಡವರ ಹುಟ್ಟುಹಬ್ಬದ ದಿನ ಮೂರು ಮೂರು ವ್ಯಾನ್ ಬಂದು ನಿಂತಿರ್ತವೆ, ಅರ್ಧ ತಿಂದ ಪೊಟ್ಟಣ ನಾಯಿಗೆ ಹೋಗತ್ತೆ, ಮಂಗಳವಾರ ರಾತ್ರಿ ನೋಡಿದ್ರೆ ಒಬ್ರೂ ಇಲ್ಲ. ನೀವು ಶುರು ಮಾಡೋದಾದ್ರೆ ಯಾರೂ ಬರದ ದಿನವನ್ನೇ ಹಿಡೀರಿ, ಮಧ್ಯಾಹ್ನಕ್ಕಿಂತ ರಾತ್ರಿ ಊಟ ಒಳ್ಳೇದು. ಸೆಕ್ಯೂರಿಟಿ ಹತ್ರ ವಿಚಾರ್ಸಿ, ಯಾವತ್ತು ಯಾರು ಬರ್ತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಆಸ್ಪತ್ರೆ ಆಡಳಿತದ ಪರ್ಮಿಷನ್ ತಗೊಳ್ಳಿ, ಇಲ್ದಿದ್ರೆ ಗೇಟಲ್ಲೇ ತಳ್ಳಾಟ.

ಏನು ಕೊಡ್ಬೇಕು ಅನ್ನೋದ್ರಲ್ಲೂ ತಲೆ ಓಡ್ಸಿ. ಕೀಮೋ ತಗೊಂಡವರಿಗೆ ಸೋಂಕು ತಡೆಯೋ ಶಕ್ತಿ ಕಮ್ಮಿ ಆಗಿರತ್ತೆ, ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ, ಬೆಳಗ್ಗೆ ಮಾಡಿದ ಚಟ್ನಿ ಬೇಡವೇ ಬೇಡ. ಬಿಸಿ ಅನ್ನ ಸಾರು, ಪೊಂಗಲ್ಲು, ಉಪ್ಪಿಟ್ಟು ಸಾಕು, ಹಣ್ಣು ಕೊಡೋದಾದ್ರೆ ಸಿಪ್ಪೆ ಸಮೇತ ಬಾಳೆಹಣ್ಣೋ ಮೂಸಂಬಿಯೋ ಕೊಡಿ. ಬಾಯಲ್ಲಿ ಹುಣ್ಣಾಗಿರೋರಿಗೆ ಖಾರ ಆಗಲ್ಲ, ಖಾರ ಇಲ್ಲದ ಒಂದು ಪಾತ್ರೆ ಗಂಜಿ ಬೇರೆ ಇಡಿ. ಕಲಬುರಗಿ ರಾಯಚೂರು ಕಡೆಯವರಿಗೆ ಮೂರು ಹೊತ್ತು ಅನ್ನ ತಿಂದು ಸಾಕಾಗಿರತ್ತೆ, ಒಂದಿನ ಜೋಳದ ರೊಟ್ಟಿ ತಗೊಂಡೋಗಿ ನೋಡಿ, ಮುಖ ಅರಳೋದು ನಿಮಗೇ ಕಾಣತ್ತೆ. ಇನ್ನು ಹತ್ರದಲ್ಲಿ ಇಂದಿರಾ ಕ್ಯಾಂಟೀನ್ ಇದ್ರೆ ತಿಂಡಿ 5 ರೂಪಾಯಿ ಊಟ 10 ರೂಪಾಯಿ ಅಂತ 2017ರಲ್ಲಿ ಶುರು ಮಾಡಿದ್ದು ಗೊತ್ತೇ ಇದೆಯಲ್ಲ, ಹೊಸಬರಿಗೆ ಅದು ಎಲ್ಲಿದೆ ಅಂತ ತೋರ್ಸಿ ಬಂದ್ರೂ ದೊಡ್ಡ ಉಪಕಾರವೇ.

ಪೊಟ್ಟಣ ಕೊಡುವಾಗ ಫೋಟೋ ಬೇಡ. ಊರಲ್ಲಿ ಮರ್ಯಾದೆಯಾಗಿ ಬಾಳ್ಕೊಂಡು ಬಂದಿರೋ ಜನ, ಅವರ ಸಂಬಂಧಿಕರ ಫೋನಲ್ಲೂ ಫೇಸ್‌ಬುಕ್ ಇರತ್ತೆ. ನಿಮ್ಹಾನ್ಸ್ ಮುಂದೆ ಅಂತೂ ಬೇಡವೇ ಬೇಡ, ಒಂದು ಫೋಟೋದಿಂದ ಯಾರದ್ದೋ ಮಗಳ ಸಂಬಂಧ ಮುರಿದು ಬೀಳಬೋದು.

ರಕ್ತ, ಪ್ಲೇಟ್‌ಲೆಟ್ಟು

ದುಡ್ಡಿಲ್ಲ ಆದ್ರೆ ಏನಾದ್ರೂ ಕೊಡ್ಬೇಕು ಅನ್ನೋ ಕಾಲೇಜು ಹುಡುಗ್ರು ಹುಡುಗೀರು ಕೇಳ್ಕೊಳ್ಳಿ. ವಯಸ್ಸು 18 ದಾಟಿರ್ಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5, ಗಂಡಸರು 3 ತಿಂಗಳಿಗೊಮ್ಮೆ ಹೆಂಗಸರು 4 ತಿಂಗಳಿಗೊಮ್ಮೆ ಕೊಡ್ಬೋದು. ಹಿಂದಿನ ರಾತ್ರಿ ಎಣ್ಣೆ ಹೊಡೆದು ಬರೋ ಹಾಗಿಲ್ಲ, ನಿದ್ದೆ ಆಗಿರ್ಬೇಕು, ಖಾಲಿ ಹೊಟ್ಟೇಲಿ ಬರ್ಬೇಡಿ, ಟ್ಯಾಟೂ ಹಾಕಿಸ್ಕೊಂಡಿದ್ರೆ ಒಂದು ವರ್ಷ ಕಾಯ್ಬೇಕು. ರಕ್ತ ಮಾರೋದು ನಮ್ಮ ದೇಶದಲ್ಲಿ 1998ರಿಂದಲೇ ನಿಷೇಧ, ಆದ್ರೂ ಊರಿಂದ ಬಂದವರಿಗೆ ಬ್ಲಡ್ ಬೇಕು ಅಂದಾಗ ಇಲ್ಲಿ ಅವರಿಗೆ ನೆಂಟರಿಲ್ಲ ಇಷ್ಟರಿಲ್ಲ, ಅದಕ್ಕೇ ಕದ್ದುಮುಚ್ಚಿ ದುಡ್ಡು ಕೇಳೋರ ಕೈಗೆ ಸಿಕ್ಕಿಬೀಳ್ತಾರೆ.

ಪ್ಲೇಟ್‌ಲೆಟ್ ಕಥೆ ಇನ್ನೂ ಬೇರೆ. ಕೆಂಪು ರಕ್ತವನ್ನ ತಿಂಗಳ ಮೇಲೆ ಇಡ್ಬೋದು, ಪ್ಲೇಟ್‌ಲೆಟ್ ಇಡೋಕಾಗೋದು 5 ದಿನ ಅಷ್ಟೇ. ಬ್ಲಡ್ ಕ್ಯಾನ್ಸರ್ ಮಕ್ಕಳಿಗೆ ಬೇಕಾಗೋದು ಇದೇ, ಅದೂ ಪದೇ ಪದೇ. ಎಸ್‌ಡಿಪಿ ಅಂತ ಮೆಷಿನ್ ಮೂಲಕ ತೆಗೀತಾರೆ, ಒಂದು ಒಂದೂವರೆ ಗಂಟೆ ಕೂರ್ಬೇಕು, ರಕ್ತದಲ್ಲಿ ಪ್ಲೇಟ್‌ಲೆಟ್ ಮಾತ್ರ ತಗೊಂಡು ಉಳಿದದ್ದು ನಿಮಗೇ ವಾಪಸ್ ಬಿಡ್ತಾರೆ, ಹಾಗಾಗಿ ಮೂರು ತಿಂಗಳು ಕಾಯೋದು ಬೇಡ. ಕೈಯಲ್ಲಿ ದಪ್ಪ ನರ ಇರ್ಬೇಕು, ಬಂದವರೆಲ್ಲ ಆಗಲ್ಲ, ಹಾಗಾಗಿ ಹತ್ತು ಜನ ಮುಂಚೇನೇ ಟೆಸ್ಟ್ ಮಾಡ್ಸಿ ಹೆಸರು ಕೊಟ್ಟಿಟ್ರೆ ಬ್ಲಡ್ ಬ್ಯಾಂಕ್‌ನವರು ಬೇಕಾದಾಗ ಕರೀತಾರೆ. ಏಪ್ರಿಲ್ ಮೇ ರಜೇಲಿ ಕಾಲೇಜ್ ಕ್ಯಾಂಪ್‌ಗಳೆಲ್ಲ ನಿಂತು ಸ್ಟಾಕ್ ಕಮ್ಮಿ ಆಗತ್ತೆ, ಆಗ ನೆನಪಿಟ್ಕೊಂಡು ಹೋಗಿ. ಎಲ್ಲಿ ಯಾವ ಗ್ರೂಪ್ ಇದೆ ಅಂತ ಇ-ರಕ್ತಕೋಶ್ ಪೋರ್ಟಲಲ್ಲಿ ನೋಡ್ಬೋದು. ಬೆಂಗಳೂರಲ್ಲಿ ಸಂಕಲ್ಪ್ ಇಂಡಿಯಾ ಫೌಂಡೇಶನ್‌ನವರು ರಕ್ತದಾನ, ಥಲಸ್ಸೀಮಿಯ (ಪದೇ ಪದೇ ರಕ್ತ ಹಾಕಿಸ್ಕೋಬೇಕಾಗೋ ಹುಟ್ಟು ಕಾಯಿಲೆ) ಇರೋ ಮಕ್ಕಳ ಕೆಲಸ ಮಾಡ್ತಾ ಬಂದಿದ್ದಾರೆ, ಒಬ್ಬೊಬ್ರೇ ಓಡಾಡೋಕೆ ಬೇಜಾರು ಅನ್ನೋರು ಅಂಥವರ ಜೊತೆ ಸೇರ್ಕೊಳ್ಳಿ. ಮತ್ತೆ ಗ್ರೂಪಲ್ಲಿ "ಅರ್ಜೆಂಟ್ ಬಿ ನೆಗೆಟಿವ್" ಅಂತ ಹಾಕಿದೋರು ಸಿಕ್ಕಿದ್ಮೇಲೆ ಸಿಕ್ತು ಅಂತಾನೂ ಹಾಕಿ ಮಾರಾಯ್ರೇ.

ಓಡಾಟದ ಖರ್ಚು

ಹೆಂಗಸರಿಗೆ ಶಕ್ತಿ ಯೋಜನೆ ಇದೆ, 2023ರ ಜೂನ್‌ನಿಂದ. ಕರ್ನಾಟಕದವರು ಅಂತ ಗುರುತಿನ ಚೀಟಿ ತೋರ್ಸಿದ್ರೆ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಫ್ರೀ, ರಾಜಹಂಸ ಸ್ಲೀಪರ್ ಎಸಿಗೆ ಇಲ್ಲ. ಹಾಗಾಗಿ ಅಟೆಂಡರ್ ಆಗಿ ಅಮ್ಮನೋ ಅಕ್ಕನೋ ಬಂದ್ರೆ ಅವರ ಚಾರ್ಜ್ ಉಳಿಯತ್ತೆ. ಆದ್ರೆ ಆಪರೇಷನ್ ಆದವರು ಆರ್ಡಿನರಿ ಬಸ್ಸಲ್ಲಿ ರಾತ್ರಿಯೆಲ್ಲ ಕೂತು ಹೋಗೋದು ಅಂದ್ರೆ ಕಷ್ಟ, ಅಲ್ಲಿ ಟ್ರೈನ್ ಒಳ್ಳೇದು. ಕ್ಯಾನ್ಸರ್ ರೋಗಿಗಳಿಗೆ ರೈಲ್ವೇಲಿ ಸ್ಲೀಪರ್ ಮತ್ತು 3ಎಸಿ ಪೂರ್ತಿ ರಿಯಾಯ್ತಿ, ಜೊತೇಲಿ ಹೋಗೋ ಒಬ್ರಿಗೆ 75%. ಆಸ್ಪತ್ರೆಯಿಂದ ಕನ್ಸೆಷನ್ ಫಾರಂಗೆ ಡಾಕ್ಟರ್ ಸಹಿ ಸೀಲು ಹಾಕಿಸ್ಕೊಂಡು ಕೌಂಟರಲ್ಲಿ ಟಿಕೆಟ್ ಮಾಡಿಸ್ಬೇಕು. ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಅಂದ್ರೆ, ಡಿಸ್ಚಾರ್ಜ್ ಹೊತ್ತಲ್ಲಿ ಹೇಳಿದಾಗ "ಮೊದಲ ಯಾಕ ಹೇಳಲಿಲ್ರಿ" ಅಂತ ಕೇಳ್ತಾರೆ. ಹಾರ್ಟ್, ಕಿಡ್ನಿ, ಥಲಸ್ಸೀಮಿಯ ರೋಗಿಗಳಿಗೂ ರಿಯಾಯ್ತಿ ಇದೆ, ಪ್ರಮಾಣ ಬೇರೆ.

ಇನ್ನೊಂದು ಕೇಳ್ಲೇಬೇಕಾದ ಪ್ರಶ್ನೆ, ಫಾಲೋಅಪ್‌ಗೆ ಬೆಂಗಳೂರಿಗೇ ಬರ್ಬೇಕಾ? ಕಿದ್ವಾಯಿದು ಕಲಬುರಗೀಲಿ ಕೇಂದ್ರ ಇದೆ, ಜಯದೇವ ಮೈಸೂರಲ್ಲೂ ಕಲಬುರಗೀಲೂ ಇದೆ, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಡಾಕ್ಟರ್ ಹತ್ರ "ಮುಂದಿನ ಚೆಕಪ್ ಅಲ್ಲೇ ಮಾಡಿಸ್ಬೋದಾ ಸರ್" ಅಂತ ಕೇಳ್ಸಿ, ಕೆಲವಕ್ಕೆ ಆಗತ್ತೆ ಕೆಲವಕ್ಕೆ ಆಗಲ್ಲ, ಆದ್ರೆ ಕೇಳದೇ ಇದ್ರೆ ಯಾರೂ ತಾವಾಗೇ ಹೇಳಲ್ಲ.

ಟೈಮ್ ಕೊಡೋರಿಗೆ ಕೆಲವು ಮಾತು

ತಿಂಗಳಿಗೆ ಎರಡು ದಿನ ಆದ್ರೂ ಪರ್ವಾಗಿಲ್ಲ, ಅದೇ ದಿನ ಅದೇ ಟೈಮಿಗೆ ಬನ್ನಿ. ಸುಮ್ನೆ ಒಳಗೆ ನುಗ್ಗದೆ ಆಸ್ಪತ್ರೆಯ ಸೋಷಿಯಲ್ ವರ್ಕ್ ವಿಭಾಗದ ಹತ್ರ ಮಾತಾಡಿ, ಯಾರಿಗೆ ಏನು ಬೇಕು ಅನ್ನೋ ಲಿಸ್ಟ್ ಅವರ ಹತ್ರ ಇರತ್ತೆ. ತೆಲುಗು, ಉರ್ದು, ಬಂಗಾಳಿ ಗೊತ್ತಿದ್ರೆ ಮೊದ್ಲೇ ಹೇಳಿ, ಅದು ಚಿನ್ನದಂಥ ಗುಣ. ಗುಣ ಆಗೋ ಹಂತ ದಾಟಿದ ಕ್ಯಾನ್ಸರ್ ರೋಗಿಗಳ ಜೊತೆ ಕೂರೋ ಮನಸ್ಸು ಇರೋರಿಗೆ ಮಾರತ್ತಹಳ್ಳಿ ಕಡೆ ಕರುಣಾಶ್ರಯ ಇದೆ, 1994ರಲ್ಲಿ ಶುರುವಾದ ಟ್ರಸ್ಟ್‌ನದು, ಅಲ್ಲಿ ಆರೈಕೆ ಪೂರ್ತಿ ಉಚಿತ, ವಾಲಂಟಿಯರ್‌ಗಳನ್ನೂ ತಗೋತಾರೆ. ಆ ಕೆಲಸ ಎಲ್ಲರಿಗೂ ಆಗಲ್ಲ, ಆಗ್ದೇ ಇದ್ರೆ ಬೇಜಾರು ಮಾಡ್ಕೋಬೇಡಿ, ಜೆರಾಕ್ಸ್ ಕೆಲಸ ಯಾವಾಗ್ಲೂ ಇದ್ದೇ ಇರತ್ತೆ.

ಔಷಧಿ ಬಗ್ಗೆ ಬಾಯಿ ಬಿಡ್ಬೇಡಿ. "ನಮ್ಮ ಅತ್ತೆಗೆ ಇಂಥ ಕಷಾಯದಿಂದ ವಾಸಿ ಆಯ್ತು" ಅಂತ ನೀವು ಒಳ್ಳೇ ಮನಸ್ಸಿಂದಲೇ ಹೇಳಿರ್ತೀರ, ದುಡ್ಡು ಮುಗಿದು ನಿಂತಿರೋರಿಗೆ ಅದೇ ಒಂದು ನೆಪ ಆಗತ್ತೆ, ಕೀಮೋ ಬಿಟ್ಟು ಹೊರಟುಬಿಡ್ತಾರೆ. ಆಗದ್ದನ್ನ ಆಗತ್ತೆ ಅಂತ ಒಪ್ಕೋಬೇಡಿ, "ನೋಡ್ತೀನಿ" ಅನ್ನೋ ಮಾತನ್ನ ಅವರು "ಆಗತ್ತೆ" ಅಂತಾನೇ ತಗೋತಾರೆ, ದಿನಾ ದಾರಿ ಕಾಯ್ತಾರೆ.

ಮನೇಲೇ ಕೂತು ಮಾಡೋ ಕೆಲಸನೂ ಇದೆ. ಡಿಸ್ಚಾರ್ಜ್ ಆದೋರ ಮುಂದಿನ ಡೇಟಿಗೆ ಒಂದು ವಾರ ಮುಂಚೆ ಫೋನ್ ಮಾಡೋದು. "ಹೆಂಗಿದೀರಾ, ಗುರುವಾರ ಡೇಟ್ ಇದೆ ನೆನಪಿದ್ಯಾ, ಬಸ್ಸಿಗೆ ದುಡ್ಡಿದ್ಯಾ" ಅಷ್ಟೇ. ಮೂರನೇ ಪ್ರಶ್ನೆಗೆ ಆ ಕಡೆ ಸುಮ್ಮನಾದ್ರೆ ಅರ್ಥ ಮಾಡ್ಕೊಳ್ಳಿ. ಜಾತ್ರೆ, ಕಟಾವು, ಮದುವೆ ಸೀಸನ್‌ನಲ್ಲಿ ತಪ್ಪಿಸ್ಕೊಳ್ಳೋರು ಜಾಸ್ತಿ, ಆವಾಗ ಎರಡು ಸಲ ಫೋನ್ ಹಾಕಿ.

ಕೊನೇದಾಗಿ, ಯಾರೂ ಮಾತಾಡೋಕೆ ಇಷ್ಟಪಡದ ಒಂದು ವಿಷಯ. ಕೆಲವರು ಇಲ್ಲೇ ತೀರ್ಕೋತಾರೆ, ಆಗ ಊರು 400 ಕಿಲೋಮೀಟರ್ ದೂರ. ಹೊರಗಡೆ ಆಂಬುಲೆನ್ಸ್‌ನವರು ಹೋಗೋ ಬರೋ ಎರಡೂ ಕಡೆ ಕಿಲೋಮೀಟರ್ ಲೆಕ್ಕ ಹಾಕ್ತಾರೆ, ಡ್ರೈವರ್ ಊಟ, ಟೋಲ್ ಬೇರೆ, ಆ ಸ್ಥಿತೀಲಿ ಚೌಕಾಸಿ ಮಾಡೋ ಶಕ್ತಿ ಮನೆಯವರಿಗೆ ಎಲ್ಲಿರತ್ತೆ. ಅದಕ್ಕೆ ಸೋಷಿಯಲ್ ವರ್ಕರ್ ಹತ್ರ ಕಮ್ಮಿ ರೇಟಿಗೆ ಬರೋ ಗಾಡಿ, ಟ್ರಸ್ಟ್ ಗಾಡಿಗಳ ನಂಬರ್ ಮುಂಚೇನೇ ತಿಳ್ಕೊಂಡಿರಿ, ನೀವೇ ಮಾತಾಡಿ, ಒಟ್ಟು ಎಷ್ಟು ಅಂತ ಗಾಡಿ ಹೊರಡೋ ಮುಂಚೆ ಚೀಟೀಲಿ ಬರೆಸ್ಕೊಳ್ಳಿ, ದುಡ್ಡನ್ನ ನೀವೇ ನೇರ ಕೊಡಿ. ಮತ್ತೆ ಗಾಡಿ ಹತ್ತೋ ಮುಂಚೆ ಆಸ್ಪತ್ರೆ ಕೊಡೋ ಡೆತ್ ಸಮ್ಮರಿ ತಗೊಂಡಿದ್ದಾರಾ, ಅದರಲ್ಲಿ ಹೆಸರು ಆಧಾರಲ್ಲಿ ಇರೋ ಥರನೇ ಇದ್ಯಾ ನೋಡಿ. ಡೆತ್ ಸರ್ಟಿಫಿಕೇಟ್ ಆಗೋದು ತೀರ್ಕೊಂಡ ಜಾಗದಲ್ಲಿ, ಅಂದ್ರೆ ಬೆಂಗಳೂರಲ್ಲಿ, ನೋಂದಣಿಗೆ 21 ದಿನ ಟೈಮು, ಆಸ್ಪತ್ರೆಯವರೇ ಕಳಿಸ್ತಾರೆ ಆದ್ರೆ ಸ್ಪೆಲಿಂಗ್ ತಪ್ಪಿದ್ರೆ ವಿಧವಾ ವೇತನದ ಅರ್ಜಿಗೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸ್ಕೊಳ್ಳೋ ಪೌತಿ ಖಾತೆಗೋ ಹೋದಾಗ ಅಲ್ಲಿ ತಡೀತಾರೆ, ಒಂದು ಅಕ್ಷರ ಸರಿ ಮಾಡ್ಸೋಕೆ ಅವರು ಮತ್ತೆ ಬಸ್ ಹತ್ತಿ ಬರ್ಬೇಕು. ಎಲ್ಲಾದರ ಎರಡೆರಡು ಜೆರಾಕ್ಸ್ ಮಾಡ್ಸಿ, ಫೋನಲ್ಲಿ ಫೋಟೋ ತೆಗೆದು ಅವರ ಮನೆಯವರ ನಂಬರಿಗೂ ಕಳ್ಸಿ.